ಒಂದನ್ನು ಮಾತ್ರ ಆರಿಸಿ

"ತಿಂಡಿಗೆ ಉಪ್ಪಿಟ್ಟು ಮಾಡ್ಲಾ, ಅವಲಕ್ಕಿ ಮಾಡ್ಲಾ?" ಎಂದು ಅಡುಗೆಮನೆಯಿಂದ ಪ್ರಶ್ನೆ ಬಂದಾಗ ಪೇಪರಿನ ಹಿಂದೆ ಕೂತ ಗಂಡಸು ಕೊಡಬಹುದಾದ ಉತ್ತರ ನಮ್ಮ ಮನೆಯಲ್ಲಿ ಎರಡೇ. ಒಂದು, "ಹ್ಞೂಂ." ಇನ್ನೊಂದು, ಬಾಯಿಯನ್ನೇ ಬಿಡದಿರುವುದು. ಯಾವುದನ್ನು ಕೊಟ್ಟರೂ ಸ್ವಲ್ಪ ಹೊತ್ತಿಗೆ ಉಪ್ಪಿಟ್ಟು ಬರುತ್ತದೆ. ಅದನ್ನು ನೋಡಿ "ಓ, ಉಪ್ಪಿಟ್ಟಾ?" ಎಂದು ರಾಗ ಎಳೆಯುವ ಹಕ್ಕು ನನ್ನಲ್ಲೇ ಉಳಿದಿರುತ್ತದೆ. ಇಂಥ ನಾನು ಸರ್ವಿಸ್ ಪೂರ್ತಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾಗಿ, "ಕೆಳಗಿನ ನಾಲ್ಕು ಉತ್ತರಗಳಲ್ಲಿ ಸರಿಯಾದುದನ್ನು ಆರಿಸಿ ಬರೆಯಿರಿ" ಎಂದು ಊರ ಮಕ್ಕಳನ್ನೆಲ್ಲ ಅಳಿಸಿದವನು. ಅಕ್ಷರ ಗುರುತು ಬರೆದು ಉತ್ತರ ಬರೆಯದವರಿಗೆ ಅರ್ಧ ಅಂಕ ಕತ್ತರಿಸಿದವನು. ನಿವೃತ್ತಿಯಾದ ಮೇಲೆ ಕತ್ತರಿಸಲು ಅಂಕವಿಲ್ಲದೆ ಕೈ ಚಡಪಡಿಸುತ್ತಿತ್ತು.

ನಮ್ಮದು ಅರಸೀಕೆರೆ. ಹೆಂಡತಿಯ ತವರು ಬೇಲೂರು. ಅಕ್ಕನನ್ನು ಕೊಟ್ಟಿರುವುದು ಹಳೇಬೀಡಿಗೆ. ಈ ಮೂರು ವಾಕ್ಯದಲ್ಲಿ ನನ್ನ ಸಂಸಾರದ ಅರ್ಧ ಜಗಳ ಬಂದುಹೋಯಿತು. ಬೇಲೂರಿಗೂ ಹಳೇಬೀಡಿಗೂ ನಡುವೆ ಇರುವುದು 16 ಕಿಲೋಮೀಟರ್. ಆದರೆ ನಮ್ಮ ಮನೆಯ ಹಬ್ಬದ ಊಟದಲ್ಲಿ ಎರಡೂ ಕಡೆಯವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಬೇಕಾದರೆ ನಡುವೆ ಚಿಕ್ಕಮಗಳೂರಿನವರು ಯಾರಾದರೂ ಬೇಕು. "ಬೇಲೂರು ಒಳಗೆ ನೋಡು, ಹಳೇಬೀಡು ಹೊರಗೆ ನೋಡು" ಎಂದು ಹಿರಿಯರು ಇಬ್ಬರಿಗೂ ಬೇಜಾರಾಗದ ಹಾಗೆ ಹೇಳಿಟ್ಟಿದ್ದಾರೆ. ಪಾಪ, ಅವರಿಗೆ ನಮ್ಮನೆಯವರು ಗೊತ್ತಿರಲಿಲ್ಲ. "ಹಳೇಬೀಡು ಹೊರಗೇ ನೋಡಿ ಅಂದ್ರೆ ಒಳಗೇನೂ ಇಲ್ಲ ಅಂತ ತಾನೇ?" ಎನ್ನುತ್ತಾಳೆ ಹೆಂಡತಿ. "ಬೇಲೂರಿನ ಹೊರಗೆ ನೋಡೋ ಹಾಗಿದ್ದಿದ್ರೆ ಒಳಗೆ ಹೋಗಿ ಅಂತ ಯಾಕೆ ಕಳಿಸ್ತಿದ್ರು?" ಎನ್ನುತ್ತಾಳೆ ಅಕ್ಕ. ಅರಸೀಕೆರೆಯ ಬಗ್ಗೆ ಯಾರೂ ಏನೂ ಹೇಳುವುದಿಲ್ಲ. ಇಲ್ಲೂ 1220ರಲ್ಲಿ ಕಟ್ಟಿದ ಈಶ್ವರ ದೇವಾಲಯವಿದೆ, ಅದರ ಮುಂದೆ ನಕ್ಷತ್ರದ ಆಕಾರದ ತೆರೆದ ಮಂಟಪವಿದೆ, ಹೊಯ್ಸಳರು ಅಂಥದ್ದನ್ನು ಬೇರೆ ಕಡೆ ಕಟ್ಟಿದ್ದು ಅಪರೂಪ ಎಂದು ನಾನು ಬಾಯಿ ತೆರೆದರೆ, "ನಿಮ್ಮೂರಲ್ಲಿ ರೈಲು ಎಷ್ಟೊತ್ತಿಗೆ ಅದನ್ನ ಹೇಳಿ" ಎನ್ನುತ್ತಾರೆ. ಹುಬ್ಬಳ್ಳಿ ಕಡೆಯ ದಾರಿಗೂ ಮೈಸೂರು ಕಡೆಯ ದಾರಿಗೂ ಗಂಟು ಹಾಕಿದ ಜಂಕ್ಷನ್ ಎನ್ನುವುದೊಂದೇ ನಮ್ಮೂರಿಗೆ ನೆಂಟರು ಕೊಟ್ಟ ಮರ್ಯಾದೆ. ಹೊರಡುವಾಗ ಮಾತ್ರ ಪ್ರತಿಯೊಬ್ಬರ ಚೀಲದಲ್ಲೂ ನಮ್ಮನೆ ತೆಂಗಿನಕಾಯಿ ಇರುತ್ತದೆ.

2023ರ ಸೆಪ್ಟೆಂಬರ್ 18ರಂದು ರಿಯಾದಿನಲ್ಲಿ ಸೇರಿದ್ದ ಯುನೆಸ್ಕೊ ಸಮಿತಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇನ್ನಾದರೂ ಎರಡು ಊರಿನವರೂ ಸಮಾಧಾನವಾಗುತ್ತಾರೆ ಎಂದುಕೊಂಡೆ. ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಮೊದಲರ್ಧ ಗಂಟೆ ಹೂಗುಚ್ಛ, ಕೈಮುಗಿದ ಚಿತ್ರ. ಆಮೇಲೆ ಭಾವಮೈದ, "ಪಟ್ಟಿಯಲ್ಲಿ ಮೊದಲ ಹೆಸರು ಯಾರದು ನೋಡಿ" ಎಂದು ಹಾಕಿದ. ಅಲ್ಲಿಂದ ಶುರುವಾದದ್ದು ಇವತ್ತಿಗೂ ನಿಂತಿಲ್ಲ. ಯಾರಿಗೆ ಇತಿಹಾಸ ಎಷ್ಟು ಗೊತ್ತು ಎನ್ನುವುದು ಒಂದು ಸಲ ತೀರ್ಮಾನವಾಗಿಬಿಡಲಿ ಎಂದು ನಾನು ಗುಂಪಿನಲ್ಲಿ ಘೋಷಿಸಿದೆ: ಹೊಯ್ಸಳ ಆನ್‌ಲೈನ್ ಕ್ವಿಜ್, ಹತ್ತು ಪ್ರಶ್ನೆ, ಗೆದ್ದವರಿಗೆ ಒಂದು ಚೀಲ ತೆಂಗಿನಕಾಯಿ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗಳು ತಕ್ಷಣ ಫೋನ್ ಮಾಡಿದಳು. "ಅಪ್ಪಾ, ಗೂಗಲ್ ಫಾರ್ಮ್ ಇದೆ. ಪ್ರಶ್ನೆ ಕಳಿಸಿ, ಐದು ನಿಮಿಷದಲ್ಲಿ ಮಾಡಿಕೊಡ್ತೀನಿ."

ಬೇರೆಯವರು ತೆಗೆದ ಪ್ರಶ್ನೆಪತ್ರಿಕೆಯನ್ನು ಹಂಚುವ ಜಾತಿ ನನ್ನದಲ್ಲ ಎಂದೆ. ಕೀಬೋರ್ಡಿನಲ್ಲಿ ಕನ್ನಡ ಟೈಪ್ ಮಾಡಬಲ್ಲ ಮೇಷ್ಟ್ರು ಎಂದು ಶಾಲೆಯಲ್ಲಿ ನನಗೆ ಹೆಸರಿತ್ತು. ಆ ಹೆಸರಿನ ಬಲದಿಂದ ಜಾವಾಸ್ಕ್ರಿಪ್ಟ್ ಕಲಿಯಲು ಕೂತೆ. ಯೂಟ್ಯೂಬಿನಲ್ಲಿ ಪಾಠ ಹೇಳುವ ಹುಡುಗ ನನ್ನ ಮಗಳಿಗಿಂತ ಚಿಕ್ಕವನು. "ವೆರಿ ಸಿಂಪಲ್" ಎಂಬುದು ಅವನ ಪಲ್ಲವಿ. ಈ ಭಾಷೆಯನ್ನು 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಎಂಬಾತ ಹತ್ತೇ ದಿನದಲ್ಲಿ ಕಟ್ಟಿ ನಿಲ್ಲಿಸಿದನಂತೆ. ಈ ವಿಷಯವನ್ನು ನಾನು ಬಹಳ ಉತ್ಸಾಹದಿಂದ ಊಟದ ಹೊತ್ತಿನಲ್ಲಿ ಹೇಳಬಾರದಿತ್ತು. ಅವತ್ತಿನಿಂದ ಹೆಂಡತಿ ದಿನಾ ರಾತ್ರಿ ಲೈಟ್ ಆರಿಸುವ ಮುಂಚೆ ಕೇಳತೊಡಗಿದಳು: "ಅವನು ಹತ್ತು ದಿನದಲ್ಲಿ ಭಾಷೇನೇ ಮಾಡಿದ್ನಂತೆ. ನಿಮ್ಮ ಹತ್ತು ಪ್ರಶ್ನೆ ಎಲ್ಲಿಗೆ ಬಂತು?"

ಪ್ರಶ್ನೆ ಬರೆಯುವುದು ನನಗೆ ನೀರು ಕುಡಿದ ಹಾಗೆ. ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ವರ್ಷ? 1117. ದೇವಾಲಯದಲ್ಲಿರುವ ಮದನಿಕೆಯರು ಎಷ್ಟು? ಹೊರಗೆ 38, ಒಳಗೆ 4, ಒಟ್ಟು 42. ಅಲ್ಲಿನ ಕಪ್ಪೆ ಚೆನ್ನಿಗರಾಯನ ಗುಡಿ ಯಾರ ಸೇವೆ? ರಾಣಿ ಶಾಂತಲೆಯದು. ಹೊಯ್ಸಳೇಶ್ವರ ದೇವಾಲಯವನ್ನು ಕಟ್ಟಿಸಲು ಮುಂದಾದ ಅಧಿಕಾರಿ? ಕೇತಮಲ್ಲ. ಹಳೇಬೀಡಿನ ಹಳೆಯ ಹೆಸರು? ದೋರಸಮುದ್ರ. ಇಷ್ಟು ಸೂಕ್ಷ್ಮವಾಗಿ ಕೊರೆಯಲು ಬಂದ ಕಲ್ಲು ಯಾವುದು? ಬಳಪದ ಕಲ್ಲು, ಗಣಿಯಿಂದ ಎದ್ದಾಗ ಮೆದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿ. ಕ್ರಿಕೆಟಿನ ಶ್ರೀನಾಥರ ಹೆಸರಿನ ಮುಂದಿರುವ ಜಾವಗಲ್ ಯಾವ ತಾಲ್ಲೂಕಿನದು? ಅರಸೀಕೆರೆಯದು. ಈ ಪ್ರಶ್ನೆಯನ್ನು ನಾನು ಸ್ವಾಭಿಮಾನದ ಕೋಟಾದಲ್ಲಿ ಸೇರಿಸಿದ್ದು. ಜಾವಗಲ್ಲಿನಲ್ಲೂ ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯ ಇರುವುದರಿಂದ ಯಾರೂ ತಕರಾರು ಮಾಡುವಂತಿರಲಿಲ್ಲ.

ಕಷ್ಟ ಶುರುವಾದದ್ದು ಜನ ಯಾವ ಉತ್ತರ ಆರಿಸಿದರು ಎಂದು ತಿಳಿಯುವುದರಲ್ಲಿ. ಪರದೆಯ ಮೇಲೆ ನಾಲ್ಕು ಉತ್ತರ, ಪ್ರತಿಯೊಂದರ ಪಕ್ಕ ಒಂದು ಪುಟ್ಟ ಸೊನ್ನೆ. ಮುಟ್ಟಿದರೆ ಅದರೊಳಗೆ ಚುಕ್ಕಿ ಬೀಳುತ್ತದೆ. ಇವಕ್ಕೆ ರೇಡಿಯೋ ಬಟನ್ ಎಂದು ಹೆಸರು. ಹಳೆಯ ಕಾರುಗಳ ರೇಡಿಯೋದಲ್ಲಿ ಸ್ಟೇಷನ್ನಿಗೊಂದು ಗುಂಡಿ ಇರುತ್ತಿತ್ತು. ಒಂದನ್ನು ಒತ್ತಿದರೆ ಮೊದಲು ಒತ್ತಿದ್ದು ಟಕ್ಕೆಂದು ಮೇಲೇಳುತ್ತಿತ್ತು. ಪರದೆಯ ಮೇಲಿನ ಸೊನ್ನೆಗಳ ನಡತೆಯೂ ಅದೇ. ಆದರೆ ಯಾವ ನಾಲ್ಕು ಸೊನ್ನೆ ಒಂದೇ ಮನೆಯವು ಎಂದು ಕಂಪ್ಯೂಟರಿಗೆ ಹೇಳಬೇಕು. ಅದಕ್ಕೆ 'ನೇಮ್' ಎಂಬ ಮನೆತನದ ಹೆಸರು. ಒಂದೇ ಹೆಸರಿನವುಗಳಲ್ಲಿ ಒಂದಕ್ಕೆ ಮಾತ್ರ ಚುಕ್ಕಿ.

ನಾನು ಮಿತವ್ಯಯಿ. ಹತ್ತು ಪ್ರಶ್ನೆಯ ನಲವತ್ತು ಸೊನ್ನೆಗೂ 'ಪ್ರಶ್ನೆ' ಎಂಬ ಒಂದೇ ಹೆಸರಿಟ್ಟೆ. ಹೆಂಡತಿಯನ್ನು ಕರೆದು ಪಕ್ಕದಲ್ಲಿ ಕೂರಿಸಿದೆ. ಕೈಗೆ ಅಂಟಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಮೊದಲನೆಯ ಪ್ರಶ್ನೆಗೆ ಉತ್ತರಿಸಿದಳು. ಎರಡನೆಯದಕ್ಕೆ ಉತ್ತರಿಸಿದಳು. ಮೇಲೆ ನೋಡಿದರೆ ಮೊದಲನೆಯದರ ಚುಕ್ಕಿ ಮಾಯ. ಮೊದಲನೆಯದಕ್ಕೆ ಮತ್ತೆ ಚುಕ್ಕಿ ಇಟ್ಟಳು, ಎರಡನೆಯದು ಖಾಲಿ.

"ಇದಕ್ಕೆ ಒಂದು ಹೇಳಿದ್ರೆ ಹಿಂದೆ ಹೇಳಿದ್ದು ಮರೆತುಹೋಗುತ್ತಲ್ರೀ. ಸಂತೆಗೆ ಕಳಿಸಿದ್ರೆ ನೀವು ಬರೋದೂ ಹಿಂಗೇ."

ಪ್ರಶ್ನೆಗೊಂದು ಹೆಸರು ಕೊಟ್ಟು ಸರಿಮಾಡಿದೆ. ಇನ್ನು ಚುಕ್ಕಿ ಬಿದ್ದ ಸೊನ್ನೆಯನ್ನು ಹುಡುಕಿ ಅದರ ಬೆಲೆಯನ್ನು ಓದಬೇಕು. ಡಾಕ್ಯುಮೆಂಟ್ ಡಾಟ್ ಕ್ವೆರಿಸೆಲೆಕ್ಟರ್ ಎಂದು ಕರೆದು, ಇಂಥ ಹೆಸರಿನವುಗಳಲ್ಲಿ 'ಚೆಕ್ಡ್' ಆಗಿರುವುದು ಯಾವುದು ಎಂದು ಕೇಳಿ, ಕೊನೆಗೆ ಡಾಟ್ ವ್ಯಾಲ್ಯೂ ಎಂದರೆ ಅದು ಉತ್ತರ ಹೇಳುತ್ತದೆ ಎಂದು ಯೂಟ್ಯೂಬಿನ ಹುಡುಗ ಹೇಳಿದ್ದ. ಕೇಳಿದೆ. ಹೆಂಡತಿ ಕೇತಮಲ್ಲನನ್ನು ಆರಿಸಿದ್ದಳು. ಕಂಪ್ಯೂಟರ್ "ಆನ್" ಎಂದಿತು. 1117 ಆರಿಸಿದ್ದಳು. "ಆನ್." ಬಳಪದ ಕಲ್ಲು? "ಆನ್." ಏನು ಕೇಳಿದರೂ ಒಂದೇ ಉತ್ತರ. ಮಗಳಿಗೆ ಫೋನ್ ಮಾಡಿದರೆ, "ವ್ಯಾಲ್ಯೂ ನೀವೇ ಕೊಡ್ಬೇಕಪ್ಪಾ. ಕೊಡದೇ ಇದ್ರೆ ಅದು ಆನ್ ಅಂತಷ್ಟೇ ಹೇಳುತ್ತೆ. ಏನೋ ಒಂದು ಒತ್ತಿದ್ದಾರೆ ಅಂತ ಗೊತ್ತು, ಏನು ಅಂತ ಗೊತ್ತಿಲ್ಲ" ಎಂದಳು. ಸ್ಪೀಕರ್ ಹಾಕಿದ್ದೆ. ಹೆಂಡತಿ ಅಡುಗೆಮನೆಗೆ ಹೊರಟವಳು ಬಾಗಿಲಲ್ಲಿ ನಿಂತು, "ಹ್ಞೂಂ ಅಂದಂಗೆ" ಅಂದಳು. ಅಪ್ಪ ಮಗಳ ತಾಂತ್ರಿಕ ಮಾತುಕತೆಯಲ್ಲಿ ಮೂರನೆಯವರು ಬಾಯಿ ಹಾಕಬಾರದು ಎಂಬ ನಿಯಮ ನಮ್ಮಲ್ಲಿಲ್ಲ.

ಪ್ರತಿ ಸೊನ್ನೆಗೂ ಬೆಲೆ ಕಟ್ಟಿದೆ. ಸರಿ ಉತ್ತರಕ್ಕೆ 1, ತಪ್ಪು ಉತ್ತರಕ್ಕೆ 0. ಕೊನೆಗೆ ಎಲ್ಲ ಕೂಡಿಸಿದರೆ ಅಂಕ. ಈ ಉಪಾಯ ಹೊಳೆದಾಗ ನನಗೆ ನನ್ನ ಮೇಲೇ ಗೌರವ ಬಂದು, ಎದ್ದು ಹೋಗಿ ಒಂದು ಲೋಟ ಕಾಫಿ ನಾನೇ ಮಾಡಿಕೊಂಡೆ. ಹಾಲು ಉಕ್ಕಿದ್ದು ಬೇರೆ ವಿಷಯ.

ಮುಂದಿನ ಪರೀಕ್ಷಾರ್ಥಿ ಅಮ್ಮ. ಕನ್ನಡಕ ಏರಿಸಿಕೊಂಡು, ದೇವರ ಹೆಸರು ಬಂದ ಕಡೆ ಕೈಮುಗಿದು, ನಿಧಾನವಾಗಿ ಒಂಬತ್ತು ಉತ್ತರಿಸಿ 'ಮುಗಿಯಿತು' ಗುಂಡಿ ಒತ್ತಿದರು. ಪುಟ ಒಂದು ಸಲ ಕಣ್ಣು ಮಿಟುಕಿಸಿ, ಅಮ್ಮನ ಉತ್ತರವನ್ನೆಲ್ಲ ನುಂಗಿ, ಹೊಸದಾಗಿ ಬಂದು ನಿಂತಿತು. ಫಾರ್ಮಿನ ಒಳಗಿರುವ ಗುಂಡಿ ಒತ್ತಿದರೆ ಅದು ಪುಟವನ್ನೇ ಎಲ್ಲಿಗೋ ರವಾನಿಸಲು ಹೊರಡುವುದು ಹುಟ್ಟುಗುಣವಂತೆ. ಪ್ರಿವೆಂಟ್‌ಡೀಫಾಲ್ಟ್ ಎಂದು ಹೇಳಿ ಅದನ್ನು ತಡೆಯಬೇಕಂತೆ. ತಡೆದೆ. ಅಮ್ಮ ಮತ್ತೆ ಕೈಮುಗಿದು ಶುರುಮಾಡಿದರು. ಈ ಸಲ ಗುಂಡಿ ಒತ್ತಿದರೆ ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಕಲ್ಲು.

"ಎಲ್ಲಕ್ಕೂ ಉತ್ತರ ಕೊಟ್ಟೆಯಾ ಅಮ್ಮ?"

"ಒಂದು ಬಿಟ್ಟೆ ಕಣೋ. ವಿಷ್ಣುವರ್ಧನನ ಹೆಂಡ್ತೀರು ಎಷ್ಟು ಜನ ಅಂತೆಲ್ಲ ಬರುತ್ತೇನೋ ಅಂತ ಆ ಪ್ರಶ್ನೇನೇ ಓದ್ಲಿಲ್ಲ. ನಮಗ್ಯಾಕೆ ಬೇರೆಯವರ ಮನೆ ವಿಚಾರ?"

ಆರಿಸದೇ ಬಿಟ್ಟ ಪ್ರಶ್ನೆಯಲ್ಲಿ ಚುಕ್ಕಿಯೇ ಇಲ್ಲ. ಚುಕ್ಕಿ ಇಲ್ಲದ ಕಡೆ ಹುಡುಕಿದರೆ ಸಿಗುವುದು 'ನಲ್', ಅಂದರೆ ಏನೂ ಇಲ್ಲ. ಏನೂ ಇಲ್ಲದುದರ ಬೆಲೆಯನ್ನು ಓದು ಎಂದು ನಾನು ಆಜ್ಞೆ ಮಾಡಿದ್ದೆ. ಕಂಪ್ಯೂಟರ್ ತೆರೆಮರೆಯಲ್ಲಿ ಕೆಂಪಕ್ಷರದಲ್ಲಿ ಒಂದು ಬೈಗುಳ ಬರೆದಿಟ್ಟು ಕೆಲಸ ನಿಲ್ಲಿಸಿಬಿಟ್ಟಿತ್ತು. ಆರಿಸಿದ್ದಾರೋ ಇಲ್ಲವೋ ಎಂದು ಮೊದಲು ನೋಡಬೇಕು, ಆಮೇಲೆ ಏನು ಆರಿಸಿದರು ಎಂದು ಕೇಳಬೇಕು. ನಮ್ಮ ಮನೆಯಾಕೆ ಈ ವಿಷಯದಲ್ಲಿ ಕಂಪ್ಯೂಟರಿಗಿಂತ ಗಟ್ಟಿ. ನಾನು ಬಾಯಿ ಬಿಡದಿದ್ದ ಪಕ್ಷದಲ್ಲಿ ಆಕೆ ಕೆಲಸ ನಿಲ್ಲಿಸುವುದಿಲ್ಲ, ಉಪ್ಪಿಟ್ಟು ಮಾಡುತ್ತಾಳೆ. ಇದನ್ನು ಮಗಳಿಗೆ ಹೇಳಿದಾಗ, "ಕರೆಕ್ಟ್ ಅಪ್ಪಾ, ಅಮ್ಮ ಡೀಫಾಲ್ಟ್ ಹ್ಯಾಂಡಲ್ ಮಾಡ್ತಾರೆ, ನೀವು ಮಾಡಿಲ್ಲ" ಎಂದಳು. ಹೊಗಳಿದ್ದು ಯಾರನ್ನು ಎಂದು ನಾನು ಕೇಳಲಿಲ್ಲ.

ಎಲ್ಲ ಸರಿಯಾದ ಮೇಲೆ ಮಗಳು ಪುಟವನ್ನು ನೆಟ್‌ಗೆ ಏರಿಸಿಕೊಟ್ಟಳು. "ಒಂದ್ಸಲ ಪೂರ್ತಿ ನೀವೇ ಆಡಿ ನೋಡಿ ಅಪ್ಪಾ" ಎಂದಿದ್ದಳು. ಪ್ರಶ್ನೆಪತ್ರಿಕೆ ತೆಗೆದವನೇ ಪರೀಕ್ಷೆಗೆ ಕೂರುವುದುಂಟೇ? ಭಾನುವಾರ ಹತ್ತು ಗಂಟೆಗೆ ಗುಂಪಿಗೆ ಲಿಂಕ್ ಬಿಟ್ಟೆ.

ಹತ್ತು ಗಂಟೆ ದಾಟಿ ಸ್ವಲ್ಪವೇ ಹೊತ್ತಿಗೆ ಹಳೇಬೀಡಿನಿಂದ ಅಕ್ಕನ ಫೋನ್. ಧ್ವನಿಯಲ್ಲಿ ಅಳುವೂ ಇತ್ತು, ಸಿಟ್ಟೂ ಇತ್ತು. "ಏನೋ ನಿನ್ನ ಹೆಂಡ್ತಿ ಮೇಲೆ ಇಷ್ಟೊಂದು ಪ್ರೀತಿ?"

ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಬಾರಿಗೆ ಈ ಆರೋಪ. ಪಕ್ಕದಲ್ಲಿದ್ದ ಹೆಂಡತಿಯೂ ಆಸಕ್ತಿಯಿಂದ ಹತ್ತಿರ ಬಂದಳು.

ಸಂಗತಿ ಇಷ್ಟು. ಹೊಯ್ಸಳೇಶ್ವರ, ಶಾಂತಲೇಶ್ವರ ಎಂದು ಎರಡು ಗರ್ಭಗುಡಿಗಳಿರುವ ಜೋಡಿ ದೇವಾಲಯ ಯಾವ ಊರಿನಲ್ಲಿದೆ ಎಂಬ ಪ್ರಶ್ನೆ. ಉತ್ತರಗಳು ಬೇಲೂರು, ಹಳೇಬೀಡು, ಸೋಮನಾಥಪುರ, ಅರಸೀಕೆರೆ. ಅಕ್ಕ ಅಂಗಳಕ್ಕೆ ಬಂದರೆ ಕಾಣುವ ದೇವಸ್ಥಾನ ಅದು. ಫೋನಿನಲ್ಲಿ 'ಹಳೇಬೀಡು' ಎಂಬ ಅಕ್ಷರದ ಮೇಲೆ ಬೆರಳಿಟ್ಟಿದ್ದಾಳೆ. ಚುಕ್ಕಿ ಹಾರಿ 'ಬೇಲೂರು' ಮೇಲೆ ಕೂತಿದೆ. ಇನ್ನೊಮ್ಮೆ ಹಳೇಬೀಡು ಒತ್ತಿದ್ದಾಳೆ, ಮತ್ತೆ ಬೇಲೂರು. ಭಾವ ಬಂದು ತೋರುಬೆರಳಿನಿಂದ ಕುಟ್ಟಿದ್ದಾರೆ; ಬೇಲೂರು. "ನಮ್ಮೂರ ದೇವಸ್ಥಾನಾನ ಮಾವನ ಮನೆ ಹೆಸರಿಗೆ ಬರೆದುಕೊಟ್ಟೆಯಲ್ಲೋ! ಮಲಿಕ್ ಕಾಫರ್ ಕೂಡ ದೇವಸ್ಥಾನ ಎತ್ತಿಕೊಂಡು ಹೋಗ್ಲಿಲ್ಲ!"

ಆದದ್ದೇನೆಂದರೆ, ಪುಟ್ಟ ಸೊನ್ನೆಯನ್ನೇ ಗುರಿಯಿಟ್ಟು ಮುಟ್ಟುವುದು ವಯಸ್ಸಾದವರಿಗೆ ಕಷ್ಟ ಎಂದು ಮಗಳು ಮೊದಲೇ ಹೇಳಿದ್ದಳು. ಅದಕ್ಕೆ 'ಲೇಬಲ್' ಎಂದು ಒಂದಿದೆ. ಉತ್ತರದ ಅಕ್ಷರಗಳನ್ನು ಅದರೊಳಗೆ ಇಟ್ಟು, ಇದು ಇಂಥ ಗುರುತಿನ ಸೊನ್ನೆಗೆ ಸೇರಿದ್ದು ಎಂದು ಬರೆದರೆ, ಅಕ್ಷರ ಮುಟ್ಟಿದರೂ ಚುಕ್ಕಿ ಬೀಳುತ್ತದೆ. ಆ ಗುರುತಿಗೆ 'ಐಡಿ' ಎನ್ನುತ್ತಾರೆ. ನೇಮ್ ಮನೆತನದ್ದಾದರೆ ಐಡಿ ಆಧಾರ್ ನಂಬರಿನಂತೆ ಒಬ್ಬರಿಗೊಂದೇ. ನಾನು ಬೇಲೂರಿನ ಸಾಲನ್ನು ಒಮ್ಮೆ ಬರೆದು, ಅದನ್ನೇ ಕಾಪಿ ಮಾಡಿ ಇನ್ನೂ ಮೂರು ಸಲ ಅಂಟಿಸಿ, ಊರಿನ ಹೆಸರು, ಬೆಲೆ ಮಾತ್ರ ಬದಲಿಸಿದ್ದೆ. ನಾಲ್ಕಕ್ಕೂ ಒಂದೇ ಐಡಿ. ಯಾವ ಅಕ್ಷರ ಮುಟ್ಟಿದರೂ ಬ್ರೌಸರ್ ಆ ಐಡಿಯವರು ಯಾರು ಎಂದು ಮೇಲಿನಿಂದ ಹುಡುಕುತ್ತಾ ಬಂದು, ಮೊದಲು ಸಿಕ್ಕ ಬೇಲೂರಿಗೆ ಚುಕ್ಕಿ ಇಟ್ಟು ಕೈತೊಳೆದುಕೊಳ್ಳುತ್ತಿತ್ತು. ಸೊನ್ನೆಯನ್ನೇ ಮುಟ್ಟಿದ್ದರೆ ಸರಿಯಾಗಿಯೇ ಇತ್ತು. ನಾನೂ ಹೆಂಡತಿಯೂ ಮನೆಯಲ್ಲಿ ಮೌಸ್ ಹಿಡಿದು ಸೊನ್ನೆಯನ್ನೇ ಒತ್ತಿದ್ದೆವು.

ಬೇಲೂರನ್ನು ಮೊದಲು ಬರೆದದ್ದು ಯಾಕೆ ಎನ್ನುವುದಕ್ಕೆ ಅಕ್ಷರಮಾಲೆಯನ್ನು ಅಡ್ಡ ಹಿಡಿಯೋಣವೆಂದರೆ, ಅ ಅಂದರೆ ಅರಸೀಕೆರೆ. ಬರೆಯುವಾಗ ಪಕ್ಕದಲ್ಲಿ ಯಾರು ಕೂತಿದ್ದರು ಎಂದು ಅಕ್ಕ ಕೇಳಿದಳು. ನಾನು 'ನಲ್' ಆದೆ.

ಬೇಲೂರಿನಲ್ಲಿ ಮಾತ್ರ ಯಾರೂ ಈ ದೋಷವನ್ನು ವರದಿ ಮಾಡಲಿಲ್ಲ. "ನಮಗೇನೂ ತೊಂದರೆ ಕಾಣ್ಲಿಲ್ಲ ಭಾವ, ಚೆನ್ನಾಗೇ ಇದೆ" ಎಂದ ಭಾವಮೈದ.

ಸಂಜೆಯ ಹೊತ್ತಿಗೆ ನಲವತ್ತಕ್ಕೆ ನಲವತ್ತು ಬೇರೆ ಬೇರೆ ಐಡಿ ಕೊಟ್ಟು ಮರುಪರೀಕ್ಷೆ ಘೋಷಿಸಿದೆ. ಮುಗಿಸಿದವರು ಅಂಕದ ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೆ ಹಾಕಬೇಕು. ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಹಳೇಬೀಡಿನ ಭಾವನದು. ಸ್ಕ್ರೀನ್‌ಶಾಟ್ ತೆಗೆಯಲು ಬರದೆ ಕೈಯಲ್ಲೇ ಟೈಪ್ ಮಾಡಿದ್ದರು: ನಿಮ್ಮ ಅಂಕ 01101101110.

ನಾನು ಆ ಸಂಖ್ಯೆಯನ್ನು ನೋಡುತ್ತಿರುವಾಗಲೇ ಅವರ ಫೋನ್ ಬಂತು. "ಬಹುಮಾನಕ್ಕೆ ನಂಬರ್ ಕೊಟ್ಟಿದ್ದೀಯಲ್ಲಪ್ಪ, ಮಾಡಿದೆ. ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಅಂತಾಳೆ."

ಹನ್ನೊಂದು ಅಂಕಿ, ಮೊದಲಲ್ಲಿ ಸೊನ್ನೆ. ಎಸ್‌ಟಿಡಿ ಕಾಲದ ಮನುಷ್ಯ ಇನ್ನೇನು ಮಾಡುತ್ತಾರೆ? ತಪ್ಪು ನನ್ನ ಕೂಡುವಿಕೆಯದು. ಫಾರ್ಮಿನಿಂದ ಓದಿದ ಬೆಲೆ 1 ಎಂದು ಕಂಡರೂ ಅದು ಜಾವಾಸ್ಕ್ರಿಪ್ಟಿಗೆ ಸಂಖ್ಯೆಯಲ್ಲ, ಅಕ್ಷರ. ಸಂಖ್ಯೆಗೆ ಅಕ್ಷರವನ್ನು ಕೂಡಿಸು ಎಂದರೆ ಅದು ಪಕ್ಕದಲ್ಲಿ ಅಂಟಿಸುತ್ತದೆ. ಸೊನ್ನೆಯ ಪಕ್ಕ ಒಂದು, ಅದರ ಪಕ್ಕ ಇನ್ನೊಂದು, ಹೀಗೆ ಹತ್ತು ಉತ್ತರಗಳೂ ಸಾಲಾಗಿ ನಿಂತಿದ್ದವು. ನಂಬರ್ ಎಂಬ ಆವರಣದೊಳಗೆ ಹಾಕಿ ಕೂಡಿಸಿದ್ದರೆ ಭಾವನಿಗೆ 7 ಬರಬೇಕಿತ್ತು.

ಅಷ್ಟರಲ್ಲಿ ಬೇಲೂರಿನ ಮಾವನವರ ಅಂಕ ಬಂತು: 00111111111. ಮಾವನವರು ಸಾಮಾನ್ಯರಲ್ಲ. ಚಂದನ ವಾಹಿನಿಯಲ್ಲಿ 2002ರಲ್ಲಿ 'ಥಟ್ ಅಂತ ಹೇಳಿ' ಶುರುವಾದಾಗಿನಿಂದ ನಾ. ಸೋಮೇಶ್ವರ ಅವರು ಪ್ರಶ್ನೆ ಮುಗಿಸುವ ಮೊದಲೇ ಕುರ್ಚಿಯಲ್ಲಿ ಕೂತು ಉತ್ತರ ಕೂಗುತ್ತ ಬಂದವರು. ಗೆದ್ದ ಪುಸ್ತಕಗಳೆಲ್ಲ ಬಂದಿದ್ದರೆ ಮನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಹತ್ತಕ್ಕೆ ಒಂಬತ್ತು ಸರಿ. ಆದರೆ ಸಾಲನ್ನು ಸಂಖ್ಯೆ ಎಂದು ಓದಿದರೆ ಏಳು ಸರಿ ಮಾಡಿದ ಭಾವನಿಗೆ ನೂರಹತ್ತು ಕೋಟಿ ಚಿಲ್ಲರೆ, ಒಂಬತ್ತು ಸರಿ ಮಾಡಿದ ಮಾವನವರಿಗೆ ಹನ್ನೊಂದು ಕೋಟಿ ಚಿಲ್ಲರೆ. ಪುನೀತ್ ರಾಜ್‌ಕುಮಾರ್ 2012ರಲ್ಲಿ 'ಕನ್ನಡದ ಕೋಟ್ಯಧಿಪತಿ' ನಡೆಸಿಕೊಟ್ಟಾಗಲೂ ಒಂದು ಕೋಟಿಗೆ ನಿಲ್ಲುತ್ತಿತ್ತು. ಹಳೇಬೀಡಿನವರು ಪಟಾಕಿಯ ಚಿತ್ರ ಕಳಿಸಿದರು.

ಮಾವನವರ ಸಿಟ್ಟು ಕೋಟಿಯ ಮೇಲಲ್ಲ, ಮೊದಲನೆಯ ಪ್ರಶ್ನೆಯ ಮೇಲೆ. ಬೇಲೂರು ದೇವಾಲಯದ ಶಿಲ್ಪಗಳ ಕೆಳಗೆ ಹೆಸರು ಕೊರೆದಿರುವ ಶಿಲ್ಪಿ ಯಾರು ಎಂದು ಕೇಳಿದ್ದೆ. ಅವರು ಜಕಣಾಚಾರಿಯನ್ನು ಆರಿಸಿದ್ದರು. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಅಲ್ಲಿ ತಮ್ಮ ಹೆಸರು ಕೊರೆದಿಟ್ಟಿದ್ದಾರೆ; ಜಕಣಾಚಾರಿ ಸಿಗುವುದು ಐತಿಹ್ಯದಲ್ಲಿ. "ಕಪ್ಪೆ ಇರೋ ಕಲ್ಲನ್ನ ಮಗ ಡಂಕಣ ಹಿಡಿದದ್ದು, ಅಪ್ಪ ಕೈ ಕಡಿದುಕೊಂಡದ್ದು ಸುಳ್ಳೇನಪ್ಪ? ಮೂರ್ತಿ ಇಲ್ಲೇ ಇದೆಯಲ್ಲ!" ಎಂದರು ಮಾವ. ಮೂರ್ತಿ ಇದೆ, ಕಥೆಯ ಪಕ್ಕ ರುಜು ಇಲ್ಲ ಎಂದೆ. ತಪ್ಪು ಹಿಡಿದ ಮಗನ ಮುಂದೆ ಅಪ್ಪನೇ ತಲೆಬಾಗಿದ ಊರಿನಲ್ಲಿ ಅಳಿಯ ತಪ್ಪು ಹಿಡಿಯುವುದಕ್ಕೆ ಮಾತ್ರ ಅವಕಾಶವಿಲ್ಲ ಎಂದು ಅತ್ತೆಯವರು ಫೋನ್ ಇಸಿದುಕೊಂಡರು.

ಇದೆಲ್ಲದರ ನಡುವೆ ಭಾವಮೈದನ ಹೆಂಡತಿ ಸಣ್ಣದೊಂದು ಸಂದೇಶ ಹಾಕಿದ್ದಳು. ಅವಳು ಶಿಕಾರಿಪುರದ ಕಡೆಯವಳು, ಬೇಲೂರು ಹಳೇಬೀಡಿನ ಜಗಳದಲ್ಲಿ ತಲೆ ಹಾಕದೆ ಒಗ್ಗರಣೆ ಹಾಕುವವಳು. "ಅಣ್ಣ, ಕನ್ನಡದ ಅತ್ಯಂತ ಹಳೆಯ ಶಾಸನಕ್ಕೆ ಹಲ್ಮಿಡಿ ಅಂತ ಒಂದೇ ಉತ್ತರ ಸರಿ ಇಟ್ಟಿದ್ದೀರಿ. ತಾಳಗುಂದ ಯಾಕೆ ತಪ್ಪು?" ಹಲ್ಮಿಡಿ ಬೇಲೂರು ತಾಲ್ಲೂಕಿನದು. 1936ರಲ್ಲಿ ಎಂ.ಎಚ್. ಕೃಷ್ಣ ಬೆಳಕಿಗೆ ತಂದದ್ದು, ಕಾಲ ಸುಮಾರು 450. ಇದನ್ನು ನಾನು ತರಗತಿಯಲ್ಲಿ ಎಷ್ಟು ಬಾರಿ ಹೇಳಿದ್ದೇನೆಂದರೆ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಆದರೆ 2013ರಲ್ಲಿ ತಾಳಗುಂದದ ಪ್ರಣವೇಶ್ವರ ದೇವಾಲಯದ ಬಳಿ ಸಿಕ್ಕ ಸಿಂಹಕಟಾಂಜನ ಶಾಸನವನ್ನು ಪುರಾತತ್ತ್ವ ಇಲಾಖೆಯವರು 370ರದೆಂದು ಹೇಳುತ್ತಾರೆ. ಹಲ್ಮಿಡಿಯನ್ನು ಬಿಟ್ಟುಕೊಟ್ಟರೆ ಮನೆಯಲ್ಲಿ ಊಟ ಸಿಗುವುದಿಲ್ಲ. ತಾಳಗುಂದಕ್ಕೆ ಸೊನ್ನೆ ಕೊಟ್ಟರೆ ಇತಿಹಾಸದ ಮೇಷ್ಟ್ರೆಂಬ ಬೋರ್ಡು ಇಳಿಸಬೇಕಾಗುತ್ತದೆ. ಎರಡಕ್ಕೂ 1 ಬೆಲೆ ಕಟ್ಟಿದೆ. ಒಂದನ್ನು ಮಾತ್ರ ಆರಿಸಿ ಎನ್ನುವುದು ಆರಿಸುವವರ ಕಷ್ಟ, ನನ್ನದಲ್ಲ. ದಾಸೋಜನ ಬಳ್ಳಿಗಾವೆಯೂ ತಾಳಗುಂದವೂ ಶಿಕಾರಿಪುರ ತಾಲ್ಲೂಕಿನವೇ, ಅಕ್ಕಪಕ್ಕದ ಊರುಗಳು. ಇಬ್ಬರು ಕಚ್ಚಾಡುವಾಗ ಮೂರನೆಯ ತಾಲ್ಲೂಕು ಎರಡು ಅಂಕ ಹೊಡೆದುಕೊಂಡು ಹೋಯಿತು.

ಆದರೂ ಗೆದ್ದವಳು ಅವಳಲ್ಲ. ಲಿಂಕ್ ಬಿಟ್ಟ ಎರಡು ನಿಮಿಷಕ್ಕೇ ಒಬ್ಬ 01111111111 ಎಂದು ಹಾಕಿ, ಕಣ್ಣು ಮಿಟುಕಿಸುವ ಗೊಂಬೆಯನ್ನೂ ಹಾಕಿದ್ದ. ಅಕ್ಕನ ಮಗ, ಡಿಪ್ಲೊಮಾ ಓದುತ್ತಿರುವವನು. ದೋರಸಮುದ್ರ ಯಾವುದು ಎಂದರೆ ಈಜಲು ಹೋಗೋಣವೇ ಎಂದು ಕೇಳುವ ಹುಡುಗ ಹತ್ತಕ್ಕೆ ಹತ್ತು ಹೇಗೆ ತೆಗೆದ? ಫೋನ್ ಮಾಡಿ ವಿಚಾರಿಸಿದೆ.

"ಸುಲಭ ಮಾವ. ಲ್ಯಾಪ್‌ಟಾಪಲ್ಲಿ ಪೇಜ್ ಓಪನ್ ಮಾಡಿ ರೈಟ್ ಕ್ಲಿಕ್ ಮಾಡಿ ಸೋರ್ಸ್ ನೋಡಿದೆ. ಎಲ್ಲೆಲ್ಲಿ ವ್ಯಾಲ್ಯೂ 1 ಇತ್ತೋ ಅದನ್ನ ಒತ್ತಿದೆ. ಪ್ರಶ್ನೆ ಕನ್ನಡದಲ್ಲಿತ್ತು, ಓದೋಕೆ ಹೋಗ್ಲಿಲ್ಲ."

ಬ್ರೌಸರಿಗೆ ಕಳಿಸಿದ್ದೆಲ್ಲ ಓದುವವನ ಕೈಗೂ ಸಿಗುತ್ತದೆ, ಸರಿ ಉತ್ತರವನ್ನು ಸರ್ವರಿನಲ್ಲಿ ಇಟ್ಟುಕೊಂಡು ಅಲ್ಲೇ ತಾಳೆ ನೋಡಬೇಕಿತ್ತು ಎಂದು ಮಗಳು ಆಮೇಲೆ ವಿವರಿಸಿದಳು. ಕೀ ಉತ್ತರವನ್ನು ಮೂರು ಲಕೋಟೆಯೊಳಗೆ ಹಾಕಿ ಅರಗಿನ ಮುದ್ರೆ ಒತ್ತಿ ಬೀರುವಿನಲ್ಲಿ ಇಡುತ್ತಿದ್ದ ಮನುಷ್ಯ ಅದನ್ನು ಪ್ರಶ್ನೆಪತ್ರಿಕೆಯ ಬೆನ್ನಿಗೇ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದ್ದೆ.

ಫಲಿತಾಂಶ ರದ್ದು ಎಂದು ಬರೆಯಲು ಫೋನ್ ಎತ್ತಿಕೊಂಡಾಗ ಅಮ್ಮ ತಡೆದರು. "ಕಾಯಿ ಆ ಹುಡುಗನಿಗೇ ಕೊಡು. ಉತ್ತರ ಎಲ್ಲಿಟ್ಟಿದ್ದೀಯ ಅಂತ ಹುಡುಕಿದ್ದಾನಲ್ಲ, ನಿನ್ನ ಕೈಲಿ ಓದಿದೋರು ಒಬ್ರಾದ್ರೂ ಹುಡುಕಿದ್ರಾ?" ಹೆಂಡತಿ ಒಂದು ಷರತ್ತು ಹಾಕಿದಳು. ಹಳೇಬೀಡಿಗೆ ಒಂದು ಚೀಲ ಹೋದರೆ ಬೇಲೂರಿಗೂ ಒಂದು ಚೀಲ. ಬೇಲೂರಿಗೆ ಹೋದರೆ ಅದರಲ್ಲಿ ಅರ್ಧ ಶಿಕಾರಿಪುರದವಳಿಗೆ, ನ್ಯಾಯವಾಗಿ ತಪ್ಪು ಹಿಡಿದವಳು ಅವಳೇ. ತೋಟದವನು ಎರಡು ದಿನ ಸಿಪ್ಪೆ ಸುಲಿದ. ಹುಡುಗ ಬಂದು ಚೀಲವನ್ನು ಜಾವಗಲ್ಲಿನ ಮೇಲೆ ಹೋಗುವ ಬಸ್ಸಿಗೆ ಏರಿಸಿದ. ಕಂಡಕ್ಟರ್ ಲಗೇಜ್ ಟಿಕೆಟ್ ಹರಿದಾಗ "ಮಾವ ಕೊಡ್ತಾರೆ" ಎಂದು ನನ್ನ ಕಡೆ ಬೆರಳು ತೋರಿಸಿದ.

ಈಚೆಗೆ ಅವನೂ ಒಂದು ಕ್ವಿಜ್ ಮಾಡಿ ಗುಂಪಿಗೆ ಹಾಕಿದ್ದಾನೆ. ಮೊದಲ ಪ್ರಶ್ನೆ: ಅರಸೀಕೆರೆ ಮಾವ ಮಾಡಿದ ಕ್ವಿಜ್‌ನಲ್ಲಿ ಇದ್ದ ತಪ್ಪುಗಳು ಎಷ್ಟು? ಮೂರು, ಐದು, ಏಳು, ಮೇಲಿನ ಎಲ್ಲವೂ. ನಾನು ಕನ್ನಡಕವಿಲ್ಲದೆ, ಸೊನ್ನೆಯನ್ನು ಹುಡುಕದೆ, 'ಮೂರು' ಎಂಬ ಅಕ್ಷರದ ಮೇಲೇ ಬೆರಳಿಟ್ಟೆ. ಚುಕ್ಕಿ ಅಲ್ಲೇ ಕೂತಿತು. ಸುಳ್ಳು ಹೇಳಬಾರದು, ಲೇಬಲ್ ಚೆನ್ನಾಗಿ ಮಾಡಿದ್ದಾನೆ. ರೈಟ್ ಕ್ಲಿಕ್ ಮಾಡಿ ಸೋರ್ಸನ್ನೂ ನೋಡಿದೆ. ಏನೂ ಸಿಗಲಿಲ್ಲ. ಉತ್ತರ ಸರ್ವರಿನಲ್ಲಿದೆಯಂತೆ.